ಹತ್ತು ರೇಡಿಯಂ ಜಾಕೆಟ್ ಕಟ್ಟಿಸಿಕೊಳ್ಳುವ ಮುನ್ನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಗುತ್ತಿಗೆದಾರರೇ, ಮೇಸ್ತ್ರಿಗಳೇ,

ದೀಪಾವಳಿ ಕಳೆದು ಮಳೆ ಹಿಂದೆ ಸರಿಯಿತೆಂದರೆ ನಿಮ್ಮ ಸುಗ್ಗಿ ಸುರು. ಮೆಕ್ಕೆಜೋಳ ಮಾರಿದವರು ಪಾಯ ತೆಗೆಸುತ್ತಾರೆ, ಅಡಿಕೆ ದುಡ್ಡು ಕಂಡವರು ಮೇಲಂತಸ್ತು ಎಬ್ಬಿಸುತ್ತಾರೆ, ಮಾರ್ಚ್ ಒಳಗೆ ಬಿಲ್ ಆಗಬೇಕೆಂದು ಇಲಾಖೆಗಳು ರಸ್ತೆ, ಚರಂಡಿ, ಕಾಲುವೆ ಎಲ್ಲವನ್ನೂ ಒಟ್ಟಿಗೇ ಅಗೆಸುತ್ತವೆ. ಸಿಮೆಂಟು, ಕಬ್ಬಿಣ, ಎಂ-ಸ್ಯಾಂಡಿನ ದರವನ್ನು ನಾಲ್ಕು ಕಡೆ ವಿಚಾರಿಸಿ, ಕಬ್ಬಿಣದ ತೂಕವನ್ನು ಎದುರಿಗೇ ಹಾಕಿಸಿ ನೋಡುವ ನಾವು ಒಂದು ಸಾಮಾನನ್ನು ಮಾತ್ರ ಕಣ್ಣು ಮುಚ್ಚಿ ಕೊಳ್ಳುತ್ತೇವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬೈಂಡಿಂಗ್ ವೈರು, ಮೊಳೆ, ಗಮೇಲ ಎಲ್ಲ ಕಟ್ಟಿಸಿಕೊಂಡು, ಬಿಲ್ ಬರೆಯುವಾಗ ನೆನಪಾಗಿ, "ಹಂಗೇ ಒಂದ್ ಹತ್ತು ರೇಡಿಯಂ ಜಾಕೆಟ್ ಹಾಕಪ್ಪ" ಎನ್ನುತ್ತೇವೆ. ಅಂಗಡಿಯವನು ಕೈಗೆ ಸಿಕ್ಕ ಕಟ್ಟನ್ನು ಚೀಲಕ್ಕೆ ತುರುಕುತ್ತಾನೆ. ಯಾವ ಬಣ್ಣ, ಪಟ್ಟಿ ಎಷ್ಟು ಅಗಲ, ಯಾರ ಮೈಗೆ ಎಂದು ಅವನೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಈ ತಾಲ್ಲೂಕುಗಳ ಸೈಟುಗಳಲ್ಲೇ ಓಡಾಡಿ ಅನ್ನ ತಿನ್ನುವ ಎಂಜಿನಿಯರ್ ನಾನು. ನನ್ನ ಬಿನ್ನಹ ಇಷ್ಟೇ: ಜಾಕೆಟ್ಟನ್ನು ನಿಮ್ಮ ಮಣ್ಣಿಗೆ, ನಿಮ್ಮ ಕೆಲಸಕ್ಕೆ, ಅದನ್ನು ತೊಡುವವರ ಮೈಗೆ ತಕ್ಕಂತೆ ಆರಿಸಿ. ಕಬ್ಬಿಣ ಆರಿಸುವಾಗ ಇರುವ ಸಂಶಯ ಬುದ್ಧಿಯಲ್ಲಿ ಕಾಲುಪಾಲು ಇಲ್ಲಿಗೆ ತಂದರೂ ಸಾಕು.

ಮೊದಲು ಒಂದು ಲೆಕ್ಕ. ಶಿವಮೊಗ್ಗದಿಂದ ಹೊನ್ನಾಳಿ ಹಾದು ಹರಿಹರಕ್ಕೆ ಹೋಗುವ ರಸ್ತೆಯಲ್ಲಿ ಎಂಬತ್ತರ ಓಟ ಯಾರಿಗೂ ಓಟ ಅನಿಸುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ಎದುರಿಗಿರುವುದು ಮನುಷ್ಯ ಎಂದು ಚಾಲಕನಿಗೆ ಹೊಳೆದು ಕಾಲು ಬ್ರೇಕಿನ ಮೇಲೆ ಕೂರುವುದಕ್ಕೆ ಎರಡು ಸೆಕೆಂಡು ಹಿಡಿಯಿರಿ. ಅಷ್ಟರಲ್ಲಿ ಗಾಡಿ 44 ಮೀಟರ್ ಮುಂದೆ ಬಂದಿರುತ್ತದೆ. ರಸ್ತೆ ಒಣಗಿದ್ದು ಟೈರು ಚೆನ್ನಾಗಿದ್ದರೂ ನಿಲ್ಲುವುದಕ್ಕೆ ಇನ್ನೂ 35-40 ಮೀಟರ್ ಬೇಕು. ಅಲ್ಲಿಗೆ 80 ಮೀಟರ್ ಆಯಿತು. ಡಿಪ್ ಲೈಟಿನಲ್ಲಿ ಮಣ್ಣು ಬಣ್ಣಕ್ಕೆ ತಿರುಗಿದ ಅಂಗಿಯ ಆಳು ಕಾಣುವ ಹೊತ್ತಿಗೆ ಇದರ ಅರ್ಧ ದೂರವೂ ಉಳಿದಿರುವುದಿಲ್ಲ. ಜಲ್ಲಿ ತುಂಬಿದ ಟಿಪ್ಪರ್ ಆದರೆ ಲೆಕ್ಕ ಇನ್ನೂ ಕೆಡುತ್ತದೆ. ಜಾಕೆಟ್ ಮಾಡಬೇಕಾದ್ದು ಒಂದೇ ಕೆಲಸ: ಮನುಷ್ಯ ಕಾಣುವ ದೂರವನ್ನು ಗಾಡಿ ನಿಲ್ಲುವ ದೂರಕ್ಕಿಂತ ಹೆಚ್ಚಿಸುವುದು. ಅದು ಆಗದಿದ್ದರೆ ಎಷ್ಟು ಹೊಳೆದರೂ ದಂಡ.

ಇದಕ್ಕಾಗಿ ಜಾಕೆಟ್ಟಿನಲ್ಲಿ ಎರಡು ಬೇರೆ ಬೇರೆ ಸಾಮಾನುಗಳಿವೆ. ಎರಡರ ಪಾಳಿಯೂ ಬೇರೆ. ಕಣ್ಣು ಕುಕ್ಕುವ ಹಳದಿ-ಹಸಿರು ಅಥವಾ ಕಿತ್ತಳೆ ಬಟ್ಟೆಗೆ ಹಗಲು ಪಾಳಿ. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿರುತ್ತವಲ್ಲ, ಅವನ್ನು ಹೀರಿಕೊಂಡು ಕಾಣುವ ಬೆಳಕಾಗಿ ಹೊರಗೆ ಬಿಡುವ ಗುಣ ಆ ಬಣ್ಣಕ್ಕಿದೆ. ಮೋಡ ಕವಿದ ದಿನ, ಹೊತ್ತು ಮೂಡುವ ಮುಂಚೆ, ಮುಳುಗಿದ ಮೇಲೆ ಸುತ್ತಲಿನ ಬಣ್ಣಗಳೆಲ್ಲ ಮಂಕಾದಾಗಲೂ ಅದು ಎದ್ದು ಕಾಣುವುದು ಈ ಕಾರಣಕ್ಕೆ. ಆದರೆ ಹೆಡ್‌ಲೈಟಿನಲ್ಲಿ ಆ ಕಿರಣಗಳು ಇಲ್ಲವೆನ್ನುವಷ್ಟು ಕಡಿಮೆ. ಪೂರ್ತಿ ಕತ್ತಲಾದ ಮೇಲೆ ಆ ಬಟ್ಟೆ ಬರೀ ಬಟ್ಟೆ.

ರಾತ್ರಿ ಪಾಳಿ ಬೆಳ್ಳಿ ಬಣ್ಣದ ಪಟ್ಟಿಯದು. ಅದರೊಳಗೆ ಸಕ್ಕರೆ ಹರಳಿಗಿಂತ ಎಷ್ಟೋ ಚಿಕ್ಕ ಗಾಜಿನ ಮಣಿಗಳಿವೆ. ಅವು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ವಾಪಸು ಕಳಿಸುತ್ತವೆ. ಚಾಲಕನ ಕಣ್ಣು ಹೆಡ್‌ಲೈಟಿನ ಆಸುಪಾಸಿನಲ್ಲೇ ಇರುವುದರಿಂದ ಅವನಿಗೆ ಪಟ್ಟಿ ಉರಿದಂತೆ ಕಾಣುತ್ತದೆ. ಪಕ್ಕದಲ್ಲಿ ನಿಂತ ನಮಗೆ ಬೂದು ಬಣ್ಣ, ಅಷ್ಟೇ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಪಟ್ಟಿಗಳೂ ಒಂದೇ ಥರ ಕಾಣುವುದೂ ಇದರಿಂದಲೇ. ಆಳು ಮೋಸ ಹೋಗುವುದು ಆಮೇಲೆ, ರಸ್ತೆಯಲ್ಲಿ.

ಹಗಲು ಪಾಳಿಯ ಆ ಬಣ್ಣ ಹುಟ್ಟಿದ ಕಥೆ ಹೇಳದೆ ಮುಂದೆ ಹೋಗಲಾರೆ. ಅದೂ ಒಬ್ಬ ಕೂಲಿ ಹುಡುಗನ ಅಪಘಾತದಿಂದಲೇ ಸುರುವಾದದ್ದು. 1933ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಾಬ್ ಸ್ವಿಟ್ಜರ್ ಎಂಬ ಹುಡುಗ ಬೇಸಿಗೆ ಕೆಲಸಕ್ಕೆ ಹೋಗಿ, ಸರಕು ಇಳಿಸುವಾಗ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಕಣ್ಣು ಸುಧಾರಿಸುವವರೆಗೆ ಕತ್ತಲೆ ಕೋಣೆಯಲ್ಲಿರಬೇಕೆಂದರು ವೈದ್ಯರು. ಆ ಕತ್ತಲಲ್ಲಿ ಅವನೂ ಅವನ ಸಹೋದರ ಜೋ ಕೂಡಿ, ಅಪ್ಪನ ಔಷಧಿ ಅಂಗಡಿಯ ಸಾಮಾನುಗಳಲ್ಲಿ ನೇರಳಾತೀತ ಬೆಳಕಿಗೆ ಹೊಳೆಯುವುದು ಯಾವುದೆಂದು ಹುಡುಕಿ ಬಣ್ಣ ತಯಾರಿಸಿದರು. ಅದೇ ಮುಂದೆ 'ಡೇ-ಗ್ಲೋ' ಎಂಬ ಹೆಸರಿನ ದೊಡ್ಡ ವ್ಯಾಪಾರವಾಯಿತು. ಹೆಂಡತಿಯ ಮದುವೆ ಉಡುಪಿಗೇ ಬಾಬ್ ಮೊದಲು ಆ ಬಣ್ಣ ಬಳಿದನೆಂದು ಹೇಳುತ್ತಾರೆ. ಆಕೆ ಏನೆಂದಳೋ! 1964ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೈಲು ಹಳಿ ಕೆಲಸದವರಿಗೆ ಕಿತ್ತಳೆ ಜಾಕೆಟ್ ತೊಡಿಸಿ ಪರೀಕ್ಷೆ ಮಾಡಿದರು. ಅಲ್ಲಿಂದ ಹೊರಟದ್ದು ಈಗ ನಮ್ಮ ಹಾರ್ಡ್‌ವೇರ್ ಅಂಗಡಿಯ ಗೂಟದಲ್ಲಿ ನೇತಾಡುತ್ತಿದೆ.

ಬಣ್ಣದ ಆಯ್ಕೆಗೆ ಬರೋಣ. ಇಲ್ಲೇ ನನ್ನ ತಕರಾರು ಹೆಚ್ಚು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯ ಹೊಟ್ಟೆಯಿಂದ ಬೇರೆ ತಾಲ್ಲೂಕಾಗಿ ಹೊರಬಂತು. ಒಂದೇ ಜಿಲ್ಲೆಯ ಹೆಸರು ಹೊತ್ತರೂ ನೆಲದ ಬಣ್ಣ ಒಂದೇ ಅಲ್ಲ. ದಾವಣಗೆರೆಯಿಂದ ಒಂದೇ ಬಣ್ಣದ ಗಂಟು ತರಿಸಿ ನಾಲ್ಕೂ ಕಡೆ ಹಂಚಿದರೆ ಒಂದು ಕಡೆಯಾದರೂ ಅದು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ.

ಚನ್ನಗಿರಿಯಲ್ಲಿ ನಿಂತು ನೋಡಿ. ಸೂಳೆಕೆರೆಯ ಕೆಳಗೆ, ಭದ್ರಾ ಕಾಲುವೆಯ ಉದ್ದಕ್ಕೂ ಅಡಿಕೆ ತೋಟ, ಬಾಳೆ, ಗದ್ದೆ. ರಸ್ತೆಯ ಎರಡೂ ಬದಿ ಹಸಿರು. ತೋಟದ ನೆರಳಿಗೂ ಬಿಸಿಲಿಗೂ ನಡುವೆ ಹಾದುಹೋಗುವ ಚಾಲಕನ ಕಣ್ಣು ಮೊದಲೇ ತಬ್ಬಿಬ್ಬಾಗಿರುತ್ತದೆ. ಅಲ್ಲಿ ಹಳದಿ-ಹಸಿರು ಜಾಕೆಟ್ ತೊಟ್ಟು ಮೋರಿ ಕಟ್ಟುವವನು ಬಿಸಿಲು ಬಿದ್ದ ಬಾಳೆ ಎಲೆಯ ಜೊತೆ ಸೇರಿಹೋಗುತ್ತಾನೆ. ಚನ್ನಗಿರಿಗೆ ಕಿತ್ತಳೆಯೇ ಸರಿ. ಹೊನ್ನಾಳಿ, ನ್ಯಾಮತಿಗೂ ಅದನ್ನೇ ಹೇಳುತ್ತೇನೆ, ಅಲ್ಲಿ ಇನ್ನೊಂದು ಕಾರಣವೂ ಇದೆ. ಗದ್ದೆ ನಾಟಿಯಾದಾಗ ಹಸಿರು, ಕೊಯ್ಲಿಗೆ ಬಂದಾಗ ಹೊಂಬಣ್ಣ. ಎರಡರ ಎದುರೂ ಹಳದಿ-ಹಸಿರಿಗೆ ಸೋಲೇ. ಅದರ ಮೇಲೆ ಸೈಟಿನ ಜೆಸಿಬಿಯೂ ಹಳದಿ. ಹಳದಿ ಯಂತ್ರದ ಪಕ್ಕ ಹಳದಿ ಜಾಕೆಟ್ಟಿನ ಆಳು ನಿಂತರೆ ಟಿಪ್ಪರ್ ಹಿಂದಕ್ಕೆ ತರುವವನ ಕನ್ನಡಿಯಲ್ಲಿ ಇಬ್ಬರೂ ಒಂದೇ ಮುದ್ದೆ.

ಜಗಳೂರಿಗೆ ಬಂದರೆ ಲೆಕ್ಕ ತಿರುಗಿ ಬೀಳುತ್ತದೆ. ಕೆಂಪು ಮಣ್ಣು, ಮೆಕ್ಕೆಜೋಳ ಮುರಿದ ಮೇಲೆ ಒಣಗಿ ನಿಂತ ದಂಟು, ಗ್ರಾವೆಲ್ ಹಾಸಿದ ರಸ್ತೆಯ ಧೂಳು. ಈ ಕಂದು-ಕೆಂಪಿನ ಎದುರು ಕಿತ್ತಳೆ ಜಾಕೆಟ್ ಧೂಳು ಕುಡಿದು ವಾರದೊಳಗೆ ನೆಲದ ಬಣ್ಣಕ್ಕೇ ಬರುತ್ತದೆ. ಅಲ್ಲಿ ಹಳದಿ-ಹಸಿರು ಎದ್ದು ಕಾಣುತ್ತದೆ. ಜಗಳೂರಿಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದದ್ದು ನಿಮಗೆಲ್ಲ ನೆನಪಿದೆ. ಆ ದುಡ್ಡು ಬಂತೇ, ಬರುತ್ತದೆಯೇ ಎಂಬುದು ಬೇರೆ ಪತ್ರದ ವಿಷಯ. ಆದರೆ ಜಗಳೂರಿನ ನೆಲದಲ್ಲಿ ಕಾಲುವೆ, ಪೈಪು, ಕೆರೆ ಏರಿಯ ಕೆಲಸ ಇನ್ನೂ ವರ್ಷಗಟ್ಟಲೆ ಇರುತ್ತದೆ, ಅಗೆದ ಕೆಮ್ಮಣ್ಣಿನ ಗುಡ್ಡೆಗಳ ನಡುವೆ ಜನ ಓಡಾಡುತ್ತಲೇ ಇರುತ್ತಾರೆ. ನಾಲ್ಕೂ ತಾಲ್ಲೂಕಿಗೆ ಗ್ಯಾಂಗ್ ಕಳಿಸುವವರಿದ್ದರೆ, ಹಳದಿ-ಹಸಿರು ಬಟ್ಟೆಯ ಮೇಲೆ ಬೆಳ್ಳಿ ಪಟ್ಟಿಯ ಎರಡೂ ಅಂಚಿಗೆ ಕಿತ್ತಳೆ ಗೆರೆ ಇರುವ ಜಾಕೆಟ್ ಸಿಗುತ್ತದೆ. ತುಸು ದುಬಾರಿ, ಆದರೆ ಎಲ್ಲಾ ಕಡೆಗೂ ಒಗ್ಗುತ್ತದೆ.

ನನ್ನ ಮಾತನ್ನು ಒಪ್ಪಲೇಬೇಕೆಂದೇನಿಲ್ಲ. ಒಂದೊಂದು ಬಣ್ಣದ್ದು ಒಂದೊಂದು ತಂದು ಸೈಟಿನ ಸೆಂಟ್ರಿಂಗ್ ಗಳಕ್ಕೆ ತೂಗುಹಾಕಿ. ಸಂಜೆ ಹೊತ್ತು ಮುಳುಗುವಾಗ ನೂರು ಮೀಟರ್ ಹಿಂದೆ ಹೋಗಿ, ಅರೆಗಣ್ಣು ಮಾಡಿ ನೋಡಿ. ಯಾವುದು ಮೊದಲು ಕಣ್ಣಿಗೆ ಬಡಿಯಿತೋ ಅದೇ ನಿಮ್ಮ ಬಣ್ಣ.

ಬಣ್ಣದ ವಿಚಾರದಲ್ಲಿ ಎರಡು ಚಟ ಬಿಡಬೇಕು. ಒಂದು, ಸೂಪರ್‌ವೈಸರಿಗೆ ಒಂದು ಬಣ್ಣ, ಆಳುಗಳಿಗೆ ಇನ್ನೊಂದು ಎಂದು ಜಾಕೆಟ್ಟಿನಲ್ಲಿ ಅಂತಸ್ತು ತೋರಿಸುವುದು. ಅದಕ್ಕೆ ಹೆಲ್ಮೆಟ್ಟಿನ ಬಣ್ಣ ಸಾಕು. ಇನ್ನೊಂದು, ಬೆನ್ನ ತುಂಬ ಹೆಸರು ಹಾಕಿಸುವುದು. ಸಿಮೆಂಟ್ ಕಂಪನಿಗಳು ಮೇಸ್ತ್ರಿಗಳ ಸಭೆ ಮಾಡಿ ಊಟ ಹಾಕಿ ಪುಕ್ಕಟೆ ಹಂಚುವ ಜಾಕೆಟ್ಟುಗಳನ್ನು ತಿರುಗಿಸಿ ನೋಡಿ. ಬೆನ್ನಿನ ಮುಕ್ಕಾಲು ಭಾಗ ಗಾಢ ಬಣ್ಣದ ಜಾಹೀರಾತು. ಅಚ್ಚು ಬಿದ್ದಷ್ಟು ಜಾಗದಲ್ಲಿ ಹೊಳೆಯುವ ಬಟ್ಟೆ ಸತ್ತಂತೆ. ಹಿಂದಿನಿಂದ ಬರುವ ಲಾರಿಯವನಿಗೆ ಬೇಕಾದ್ದು ಆ ಬೆನ್ನೇ. ಪುಕ್ಕಟೆ ಸಿಕ್ಕದ್ದನ್ನು ಬೇಡವೆನ್ನಬೇಡಿ, ಮನೆಗೆ ಬಣ್ಣ ಬಳಿಯುವಾಗ ಹಾಕಿಕೊಳ್ಳಿ.

ಪಟ್ಟಿಯ ವಿಷಯ ಸುಲಭ, ಏಕೆಂದರೆ ಅದನ್ನು ಅಳೆಯಬಹುದು, ಅಳತೆ ಟೇಪು ಇಲ್ಲದ ಮೇಸ್ತ್ರಿ ಇಲ್ಲ. ಪೇಟೆಯಲ್ಲಿ ಒಂದಿಂಚಿನ ಪಟ್ಟಿಯದೂ ಸಿಗುತ್ತದೆ, ಎರಡಿಂಚಿನದೂ ಸಿಗುತ್ತದೆ. ಒಂದಿಂಚಿನದನ್ನು ಕೈಯಲ್ಲೂ ಮುಟ್ಟಬೇಡಿ. ಭಾರತೀಯ ಮಾನದಂಡ ಐಎಸ್ 15809, ಹೊರದೇಶದ್ದು ಇಎನ್ ಐಎಸ್‌ಒ 20471. ಲೇಬಲ್ಲಿನಲ್ಲಿ ಇವೆರಡರಲ್ಲಿ ಒಂದಾದರೂ ಇರಲಿ. ಹೊರದೇಶದ ಮಾನದಂಡದ ಪ್ರಕಾರ ಪಟ್ಟಿಯ ಅಗಲ 50 ಮಿಲಿಮೀಟರಿಗೆ ಕಡಿಮೆ ಇರಬಾರದು, ಅಂದರೆ ನಮ್ಮ ಎರಡಿಂಚು. ಜಾಕೆಟ್ಟುಗಳಲ್ಲಿ ಮೂರು ದರ್ಜೆ. ರಸ್ತೆ ಬದಿಯ ಕೆಲಸಕ್ಕೆ ಕನಿಷ್ಠ ಎರಡನೇ ದರ್ಜೆಯದಾದರೂ ಬೇಕು: ಅದರಲ್ಲಿ ಹೊಳೆಯುವ ಬಟ್ಟೆ ಅರ್ಧ ಚದರ ಮೀಟರ್, ಪಟ್ಟಿ 0.13 ಚದರ ಮೀಟರ್. ಈ 0.13 ಅನ್ನು ನಮ್ಮ ಭಾಷೆಗೆ ತಂದರೆ, ಎರಡಿಂಚು ಅಗಲದ ಪಟ್ಟಿ ಒಟ್ಟು 2.6 ಮೀಟರ್ ಉದ್ದ ಇರಬೇಕು. ಅಂಗಡಿಯಲ್ಲೇ ಜಾಕೆಟ್ ಹಾಸಿ, ಮುಂದೆ, ಹಿಂದೆ, ಹೆಗಲ ಮೇಲೆ ಇರುವ ಪಟ್ಟಿಗಳನ್ನೆಲ್ಲ ಅಳೆದು ಕೂಡಿಸಿ. ಅಂಗಡಿಯವನು ನಗಬಹುದು, ನಗಲಿ. ಮೂರನೇ ದರ್ಜೆಗೆ ಬಟ್ಟೆ 0.80 ಚದರ ಮೀಟರ್, ಪಟ್ಟಿ ನಾಲ್ಕು ಮೀಟರ್ ಉದ್ದ ಬೇಕು. ತೋಳಿಲ್ಲದ ಜಾಕೆಟ್ ಒಂದರಿಂದ ಅದು ಆಗುವ ಮಾತಲ್ಲ. ರಾತ್ರಿ ಹೊತ್ತು ಹೆದ್ದಾರಿಯ ಮೇಲೆ ನಿಲ್ಲುವವರಿಗೆ ತೋಳಿರುವ ಅಂಗಿ, ಪಟ್ಟಿ ಹೊಲಿದ ಪ್ಯಾಂಟು ಎರಡೂ ಬೇಕಾಗುತ್ತದೆ.

ಪಟ್ಟಿ ಮೈಸುತ್ತ ಪೂರ್ತಿ ಸುತ್ತಿರಬೇಕು ಎಂಬುದನ್ನೂ ನೋಡಿ. ಅಗ್ಗದವುಗಳಲ್ಲಿ ಎದೆಯ ಮೇಲೊಂದು ತುಂಡು, ಬೆನ್ನ ಮೇಲೊಂದು ತುಂಡು, ಪಕ್ಕೆಯಲ್ಲಿ ಬರೀ ದಾರ. ರಸ್ತೆಗೆ ಅಡ್ಡಲಾಗಿ ನಿಂತು ಸಲಿಕೆ ಹಾಕುವವನ ಪಕ್ಕೆಯೇ ಚಾಲಕನ ಕಡೆಗಿರುತ್ತದೆ.

ಪಟ್ಟಿ ನಿಜವಾದದ್ದೋ ಬರೀ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ಕೋ ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಹೊಸ ಪಟ್ಟಿಗೆ ನೇರವಾಗಿ ಬಿದ್ದ ಬೆಳಕಿನಲ್ಲಿ ಕನಿಷ್ಠ 330ರ ಹೊಳಪು ಇರಬೇಕೆಂದು ಮಾನದಂಡ ಹೇಳುತ್ತದೆ. ಆ ಅಂಕಿ ದೊಡ್ಡ ವ್ಯಾಪಾರಿಯ ಪರೀಕ್ಷಾ ವರದಿಯಲ್ಲಿರುತ್ತದೆ, ಕೇಳಿ ಪಡೆಯಿರಿ. ಇಲ್ಲವೇ ಅಂಗಡಿಯ ಒಳಗೋಡೌನಿನ ಕತ್ತಲಲ್ಲಿ ಜಾಕೆಟ್ ತೂಗುಹಾಕಿಸಿ, ದೂರ ನಿಂತು, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೇ ಹಿಡಿದು ನೋಡಿ. ಟಾರ್ಚನ್ನು ಹೊಟ್ಟೆಯ ಹತ್ತಿರ ಹಿಡಿದರೆ ಒಳ್ಳೆ ಪಟ್ಟಿಯೂ ಮಂಕಾಗಿ ಕಾಣುತ್ತದೆ, ಕಣ್ಣಿನ ಪಕ್ಕಕ್ಕೇ ಬೇಕು. ಒಳ್ಳೆಯದು ಬಿಳಿ ಉರಿಯಾಗಿ ಕಾಣುತ್ತದೆ. ಕಳಪೆಯದು ಬೂದಿಯಂತೆ ಸುಮ್ಮನಿರುತ್ತದೆ. ಆಮೇಲೆ ಹೆಬ್ಬೆರಳನ್ನು ಒದ್ದೆ ಮಾಡಿ ಪಟ್ಟಿಯ ಮೇಲೆ ಉಜ್ಜಿ. ಬೆಳ್ಳಿ ಬೆರಳಿಗೆ ಬಂದರೆ ಜಾಕೆಟ್ಟನ್ನು ಅಲ್ಲೇ ಬಿಟ್ಟು ಬನ್ನಿ.

ಇನ್ನೊಂದು ಸಂಗತಿ, ನನಗೆ ಬಹಳ ಹಿಡಿಸಿದ್ದು. 1973ರಲ್ಲಿ ಸ್ವೀಡನ್ನಿನ ಮನಃಶಾಸ್ತ್ರಜ್ಞ ಗುನ್ನಾರ್ ಯೋಹಾನ್ಸನ್ ಮನುಷ್ಯರ ಮೈಯ ಕೀಲುಗಳಲ್ಲಿ ಮಾತ್ರ ಬೆಳಕಿನ ಚುಕ್ಕಿಗಳನ್ನಿಟ್ಟು ಕತ್ತಲಲ್ಲಿ ನಡೆಸಿದ. ಚುಕ್ಕಿ ಬಿಟ್ಟು ಬೇರೇನೂ ಕಾಣದಿದ್ದರೂ ನೋಡಿದವರು ಕ್ಷಣದಲ್ಲಿ "ಮನುಷ್ಯ ನಡೆಯುತ್ತಿದ್ದಾನೆ" ಎಂದು ಗುರುತಿಸಿದರು. ಮುಂದೆ ಆಸ್ಟ್ರೇಲಿಯಾ, ಅಮೆರಿಕದ ಸಂಶೋಧಕರು ಇದನ್ನು ರಸ್ತೆಗೆ ತಂದು ನೋಡಿದಾಗ, ಎದೆಯ ಮೇಲೆ ಮಾತ್ರ ಪಟ್ಟಿ ಇರುವವನಿಗಿಂತ ಮಣಿಕಟ್ಟು, ಮೊಣಕಾಲು, ಕಾಲಹರಡಿನಲ್ಲೂ ಪಟ್ಟಿ ಇರುವವನನ್ನು ಚಾಲಕರು ಎಷ್ಟೋ ದೂರದಿಂದ ಮನುಷ್ಯನೆಂದು ಗುರುತಿಸಿದರು. ನಮ್ಮ ರಸ್ತೆಗಳಲ್ಲಿ ಇದಕ್ಕೆ ಹೆಚ್ಚಿನ ಅರ್ಥವಿದೆ. ಎದೆಯ ಮೇಲಿನ ಚೌಕ ಹೊಳಪು ದೂರದಿಂದ ಟ್ರ್ಯಾಕ್ಟರ್ ಟ್ರೈಲರಿನ ರಿಫ್ಲೆಕ್ಟರ್ ಇರಬಹುದು, ಮೈಲಿಗಲ್ಲು ಇರಬಹುದು, ಸೇತುವೆ ಕಟ್ಟೆಯ ಸ್ಟಿಕ್ಕರ್ ಇರಬಹುದು. ಆಡುವ ಕೈಕಾಲು ಮನುಷ್ಯನದಲ್ಲದೆ ಇನ್ಯಾರದೂ ಅಲ್ಲ. ಎರಡಿಂಚಿನ ಪಟ್ಟಿ ಮೀಟರ್ ಲೆಕ್ಕದಲ್ಲೂ ಸಿಗುತ್ತದೆ. ಒಂದು ಸುರುಳಿ ತಂದು, ನಿಮ್ಮೂರ ಟೈಲರಿಗೆ ಕೊಟ್ಟರೆ ಆಳುಗಳ ಹಳೆ ಪ್ಯಾಂಟಿನ ಕಾಲಿಗೆ, ಅಂಗಿಯ ತೋಳಿಗೆ ಹೊಲಿದುಕೊಡುತ್ತಾನೆ. ಜಾಕೆಟ್ಟಿಗಿಂತ ಕಡಿಮೆ ಖರ್ಚಿನಲ್ಲಿ ಜಾಕೆಟ್ಟಿನಷ್ಟೇ ಕೆಲಸ ಮಾಡುವ ಉಪಾಯ ಇದು.

ಅಂಗಿಯ ಮಾತು ಬಂತಲ್ಲ, ಹೆಣ್ಣುಮಕ್ಕಳ ವಿಚಾರಕ್ಕೆ ಬರುತ್ತೇನೆ. ನಿಮ್ಮ ಕಾಂಕ್ರೀಟ್ ಗ್ಯಾಂಗಿನಲ್ಲಿ ಅರ್ಧಕ್ಕರ್ಧ ಅವರೇ. ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಟವೆಲ್, ಅದರ ಮೇಲೆ ಸಿಂಬಿ, ಸಿಂಬಿಯ ಮೇಲೆ ಬಾಂಡ್ಲಿ. ನಾನು ಕಂಡಂತೆ ಈ ವೇಷಕ್ಕೆ ಯಾವ ಕಂಪನಿಯೂ ಜಾಕೆಟ್ ಹೊಲಿದಿಲ್ಲ. ಸಾಮಾನ್ಯವಾಗಿ ಬರುವುದು ದಪ್ಪ ಗಂಡಸಿನ ಅಳತೆ. ಬಾಂಡ್ಲಿ ಎತ್ತಿ ಎರಡೂ ಕೈ ಮೇಲೆ ಹೋದಾಗ ಅದು ಹೆಗಲಿನಿಂದ ಜಾರುತ್ತದೆ, ಜಾರಬಾರದೆಂದು ಅವರು ಸೆರಗನ್ನು ಅದರ ಮೇಲೆ ಬಿಗಿದು ಸುತ್ತುತ್ತಾರೆ. ಪಟ್ಟಿ ಸೆರಗಿನೊಳಗೆ ಹೋಯಿತು. "ಜಾಕೆಟ್ ಕೊಟ್ಟಿದ್ದೇನೆ, ಅವ್ರೇ ಸರಿಯಾಗಿ ಹಾಕ್ಕೊಳಲ್ಲ" ಎಂದು ದೂರುವ ಮೊದಲು ಅವರ ಅಳತೆಯದನ್ನು ಕೊಟ್ಟೆವೇ ನೋಡಿಕೊಳ್ಳಿ. ಪಕ್ಕೆಯಲ್ಲಿ ಬಿಗಿ ಮಾಡಿಕೊಳ್ಳುವ ವೆಲ್ಕ್ರೋ ಇರುವುದು, ಚಿಕ್ಕ ಅಳತೆಯದು ಹುಡುಕಿದರೆ ಸಿಗುತ್ತದೆ. ಇನ್ನೂ ಒಳ್ಳೆಯ ದಾರಿ, ಅವರು ಹೇಗೂ ಅಂಗಿ ತೊಡುತ್ತಾರಲ್ಲ, ಹೊಳೆಯುವ ಬಣ್ಣದ ತುಂಬುತೋಳಿನ ಅಂಗಿಯನ್ನೇ ಕೊಡಿಸಿ, ತೋಳಿಗೂ ಬೆನ್ನಿಗೂ ಪಟ್ಟಿ ಹೊಲಿಸಿಬಿಡಿ. ಸೆರಗು ಒಳಗೆ ಉಳಿಯುತ್ತದೆ, ಬಿಸಿಲಿಗೂ ಆಗುತ್ತದೆ, ಧೂಳಿಗೂ ಆಗುತ್ತದೆ. ಯಾವುದು ಅನುಕೂಲ ಎಂದು ಕೊಳ್ಳುವ ಮುಂಚೆ ಗ್ಯಾಂಗಿನ ಹಿರಿಯ ಅಕ್ಕನೊಬ್ಬರನ್ನು ಕೇಳಿ. ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಸಡಿಲ ಜಾಕೆಟ್ಟಿನಿಂದ ಇನ್ನೊಂದು ಅಪಾಯ ಮಿಕ್ಸರಿನ ಹತ್ತಿರ. ಹಾಪರ್ ಎಳೆಯುವ ತಂತಿ ಹಗ್ಗ, ತಿರುಗುವ ಡ್ರಮ್ಮು, ಲಿಫ್ಟಿನ ರಾಟೆ, ಇವು ಜೋತುಬಿದ್ದ ದಾರವನ್ನೋ ತುದಿಯನ್ನೋ ಹಿಡಿದರೆ ಮನುಷ್ಯನನ್ನೂ ಎಳೆಯುತ್ತವೆ. ಅಲ್ಲಿ ನಿಲ್ಲುವವರಿಗೆ ಹೆಗಲು, ಪಕ್ಕೆ, ಎದೆ ಎಲ್ಲ ಕಡೆ ವೆಲ್ಕ್ರೋ ಇದ್ದು, ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವ ಜಾಕೆಟ್ ಬೇಕು. ಪಕ್ಕೆಯಲ್ಲಿ ದಾರ ಕಟ್ಟುವುದನ್ನು ಮಿಕ್ಸರಿನ ಬಳಿ ಸುತರಾಂ ಬಿಡಬೇಡಿ.

ಡಾಂಬರಿನವರಿಗೂ ವೆಲ್ಡಿಂಗ್‌ನವರಿಗೂ ಒಂದು ಮಾತು. ಈ ಅಗ್ಗದ ಜಾಕೆಟ್ಟುಗಳೆಲ್ಲ ಪಾಲಿಯೆಸ್ಟರ್. ಡಾಂಬರ್ ಕಾಸುವ ಬೆಂಕಿಯೋ ಕಟಿಂಗ್ ಕಿಡಿಯೋ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬೆಂಕಿ ತಾಳುವ ಬಟ್ಟೆಯದು ಬೇರೆಯೇ ಸಿಗುತ್ತದೆ, ಅವರಿಗೆ ಅದು.

"ಸೆಕೆ ಸಾರ್, ಹಾಕ್ಕೊಂಡ್ರೆ ಬೇಯುತ್ತೆ" ಎಂಬ ಆಕ್ಷೇಪಣೆ ನಿಜವಾದದ್ದು. ಜಗಳೂರಿನ ಏಪ್ರಿಲ್ ಬಿಸಿಲಲ್ಲಿ ಗಾಳಿಯಾಡದ ಬಟ್ಟೆಯನ್ನು ಅಂಗಿಯ ಮೇಲೆ ಹೇರಿಕೊಂಡು ಕಲ್ಲು ಹೊತ್ತು ನೋಡಿ, ನೀವೂ ಹಾಗೇ ಹೇಳುತ್ತೀರಿ. ಜಾಲರಿ ಬಟ್ಟೆಯದನ್ನು ತನ್ನಿ, ಆದರೆ ಜಾಲರಿಯ ಹೆಸರಲ್ಲಿ ಸೊಳ್ಳೆಪರದೆ ತರಬೇಡಿ. ಅಂಗಡಿಯವರು 60 ಜಿಎಸ್‌ಎಂ, 120 ಜಿಎಸ್‌ಎಂ ಎನ್ನುತ್ತಾರೆ, ಒಂದು ಚದರ ಮೀಟರ್ ಬಟ್ಟೆಯ ತೂಕ ಅದು, ಗ್ರಾಂನಲ್ಲಿ. ಅರವತ್ತರದು ಆಚೆಯದೆಲ್ಲ ಕಾಣುವಷ್ಟು ತೆಳು. ಒಳಗಿನ ಅಂಗಿಯ ಬಣ್ಣವೇ ಮೇಲೆ ಕಂಡರೆ ಹೊಳಪು ಎಲ್ಲಿಂದ ಬರಬೇಕು? 120ರ ಆಸುಪಾಸಿನದು ಗಾಳಿಯನ್ನೂ ಬಿಡುತ್ತದೆ, ಬಣ್ಣವನ್ನೂ ಹಿಡಿದಿರುತ್ತದೆ.

ಒಗೆಯುವ ವಿಚಾರ. ನಮ್ಮವರು ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಬ್ರಷ್ ಹಾಕಿ ಉಜ್ಜಿ, ಎತ್ತಿ ಬಡಿದು. ಆ ಗಾಜಿನ ಮಣಿಗಳು ಅದಕ್ಕೆ ತಡೆಯುವುದಿಲ್ಲ. ಪಟ್ಟಿ ಒಳಗಾಗುವಂತೆ ತಿರುಗಿಸಿ, ಸೋಪು ನೀರಲ್ಲಿ ಅದ್ದಿ, ಕೈಯಲ್ಲಿ ಕಿವುಚಿ, ನೆರಳಲ್ಲಿ ಒಣಹಾಕಬೇಕು. ಬ್ಲೀಚಿಂಗ್ ಪುಡಿ ಬೇಡ, ಪಟ್ಟಿಯ ಮೇಲೆ ಇಸ್ತ್ರಿ ಬೇಡ. ಎಷ್ಟು ಸಲ ಒಗೆಯಬಹುದೆಂದು ಒಳ್ಳೆಯ ಜಾಕೆಟ್ಟಿನ ಲೇಬಲ್ಲಿನಲ್ಲೇ ಅಚ್ಚಾಗಿರುತ್ತದೆ, ಇಪ್ಪತ್ತೈದು ಸಲ ಎಂದೋ ಐವತ್ತು ಎಂದೋ. ಸಿಮೆಂಟ್ ಹಾಲು ಸಿಡಿದು ಪಟ್ಟಿಯ ಮೇಲೆ ಒಣಗಿದರೆ ಆ ರಾತ್ರಿಗೆ ಪಟ್ಟಿ ಇಲ್ಲವೆಂದೇ ಲೆಕ್ಕ. ಕೆಲಸ ಬಿಡುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಲು ಹೇಳಿ. ಬಣ್ಣ ಬಿಸಿಲಿಗೆ ಬೆಳ್ಳಗಾದ ಜಾಕೆಟ್ಟನ್ನು ಸೈಟಿನಿಂದ ತೆಗೆದುಬಿಡಿ. "ಇದ್ದದ್ದು ಇರಲಿ" ಎಂದು ಇಟ್ಟರೆ ಅದನ್ನೇ ಹೊಸದಾಗಿ ಬಂದ ಹುಡುಗನ ಕೈಗೆ ಕೊಡುತ್ತಾರೆ.

ದುಡ್ಡಿನ ಮಾತು ಕೊನೆಗಿಟ್ಟಿದ್ದೆ. ನೂರು ರೂಪಾಯಿಯ ಒಳಗಿನದೂ ಇದೆ, ಮುನ್ನೂರು ನಾನೂರರದೂ ಇದೆ. ಮುನ್ನೂರರದು ಒಂದು ಹಂಗಾಮು ಪೂರ್ತಿ ಬರುತ್ತದೆ. ನೂರರದು ಎರಡು ಒಗೆತಕ್ಕೆ ತಣ್ಣಗಾಗುತ್ತದೆ. ಒಂದು ಮೋಲ್ಡಿನ ಕಾಂಕ್ರೀಟಿನಲ್ಲಿ ಚೆಲ್ಲಿ ಹಾಳಾಗುವ ಜಲ್ಲಿ, ಮರಳಿನ ಬೆಲೆ ಹಾಕಿ ನೋಡಿದರೆ ಈ ವ್ಯತ್ಯಾಸ ಬಾಯಲ್ಲಿ ಹೇಳುವಂಥದ್ದಲ್ಲ. ಕೆಲವರು ಶನಿವಾರದ ಬಟವಾಡೆಯಲ್ಲಿ ಜಾಕೆಟ್ಟಿನ ದುಡ್ಡು ಮುರಿದುಕೊಳ್ಳುತ್ತಾರೆ. ಅದು ತಪ್ಪು, ಕಾನೂನಿಗೂ ವಿರುದ್ಧ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ, ಸುರಕ್ಷತೆಗಾಗಿ ಕೊಟ್ಟ ಯಾವುದಕ್ಕೂ ಕೆಲಸಗಾರರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಈ ಕಾನೂನು ನಮಗೆ ತಾಗುವುದಿಲ್ಲ ಎಂದು ಬೆರಳು ಮಡಿಸುವವರೂ ಇದ್ದಾರೆ. ಲಾರಿಯವನು ಡಿಕ್ಕಿ ಹೊಡೆಯುವ ಮುಂಚೆ ಹಾಜರಿ ಪುಸ್ತಕ ನೋಡುವುದಿಲ್ಲ. ಹಾಗೆಯೇ, ನಿಮ್ಮ ಆಳುಗಳು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ವಿಚಾರಿಸಿ. 18ರಿಂದ 60 ವರ್ಷದೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಸಾಕು. ಆ 90 ದಿನದ ಪತ್ರಕ್ಕೆ ಸಹಿ ಹಾಕಬೇಕಾದವರು ನೀವೇ.

ಜಾಕೆಟ್ಟುಗಳನ್ನು ಶೆಡ್ಡಿನಲ್ಲಿ ಕಟ್ಟಿಟ್ಟು, ಎಇಇ ಸಾಹೇಬರ ಜೀಪು ಬಂದಾಗ ಹಂಚಿ ಫೋಟೋ ತೆಗೆಸುವ ಪದ್ಧತಿಯ ಬಗ್ಗೆ ನಾನೇನೂ ಹೇಳಬೇಕಿಲ್ಲ. ಅದರ ಬದಲು ಒಂದು ಬೇರೆ ಮಾತು. ಜಾಕೆಟ್ಟನ್ನು ಆಳುಗಳು ಮನೆಗೆ ಒಯ್ಯಲಿ. ಡಿಸೆಂಬರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗಿರುತ್ತದೆ. ಕೆಲಸ ಬಿಟ್ಟು, ಕೈಕಾಲು ತೊಳೆದು, ಜಾಕೆಟ್ಟನ್ನು ಶೆಡ್ಡಿಗೆ ಕೊಟ್ಟು, ರಸ್ತೆ ಬದಿಯಲ್ಲಿ ಟಂಟಂಗೋ ಕಡೆಯ ಬಸ್ಸಿಗೋ ಕಾಯುತ್ತಾ ನಿಲ್ಲುವಾಗ ಅವರ ಮೈಮೇಲೆ ಹೊಳೆಯುವುದೇನೂ ಇರುವುದಿಲ್ಲ. ಲೈಟಿಲ್ಲದ ಸೈಕಲ್ಲಿನಲ್ಲಿ ಹೋಗುವವರೂ ಇದ್ದಾರೆ. ಅದೇ ಹಂಗಾಮಿನಲ್ಲಿ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿರುತ್ತಾರೆ, ಹಿಂದೀಪವಿಲ್ಲದ ಟ್ರೈಲರುಗಳು ನಿಂತಿರುತ್ತವೆ, ಗಾಡಿಯವರು ಅವನ್ನು ತಪ್ಪಿಸಲು ಅಂಚಿಗೆ ಸರಿಯುತ್ತಾರೆ. ಅಂಚಿನಲ್ಲಿ ನಿಂತವರು ಇವರೇ. ಕಳೆದುಹೋಗುತ್ತದೆ, ಮಾರಿಕೊಳ್ಳುತ್ತಾರೆ ಎಂಬ ಹೆದರಿಕೆ ನನಗೆ ಗೊತ್ತು. ಹತ್ತರಲ್ಲಿ ಎರಡು ಕಳೆದರೂ ಲುಕ್ಸಾನಿಲ್ಲ. ಯಾರೋ ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋಗುವಾಗ ತೊಟ್ಟುಕೊಂಡಿರುತ್ತಾರೆ ಬಿಡಿ.

ಇಷ್ಟೆಲ್ಲ ಹೇಳಿ ಜಾಕೆಟ್ಟಿಗೇ ಎಲ್ಲ ಭಾರ ಹೊರಿಸಿದೆನೆಂದು ತಿಳಿಯಬೇಡಿ. ರಸ್ತೆ ಕೆಲಸದ ಜಾಗದಲ್ಲಿ ವಾಹನ ನಿಭಾಯಿಸುವುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 55 ಎಂಬ ಕೈಪಿಡಿ ಇದೆ. ಮುಂಚಿತವಾಗಿ ನಿಲ್ಲಿಸುವ ಫಲಕ, ಓರೆಯಾಗಿ ಜೋಡಿಸಿದ ಕೋನು, ಬಾವುಟ ಹಿಡಿದವನು, ರಾತ್ರಿಗೆ ದೀಪ, ಆಮೇಲೆ ಜಾಕೆಟ್. ನಿಮ್ಮ ಟೆಂಡರಿನ ಕಾಗದದಲ್ಲಿ ಇದಕ್ಕೆ ಬಾಬತ್ತು ಇದೆಯೇ ನೋಡಿ, ಇದ್ದರೆ ಆ ದುಡ್ಡು ಅದಕ್ಕೇ ಹೋಗಲಿ. ಕಲ್ಲೊಂದಕ್ಕೆ ಬೇಲಿ ಮುಳ್ಳು ಸಿಕ್ಕಿಸಿ ರಸ್ತೆಗೆ ಅಡ್ಡ ಇಟ್ಟರೆ ಅದು ಫಲಕವಾಗುವುದಿಲ್ಲ. ಕಾಲುವೆ ಸೈಟುಗಳಲ್ಲಿ ಆಡುವ ಕೂಲಿಯವರ ಮಕ್ಕಳಿಗೂ ಚಿಕ್ಕ ಜಾಕೆಟ್ ತರಲೇ ಎಂದು ಒಬ್ಬ ಮೇಸ್ತ್ರಿ ಕೇಳಿದರು. ಒಳ್ಳೆ ಮನಸ್ಸಿನ ಪ್ರಶ್ನೆ, ಆದರೆ ಮಕ್ಕಳಿಗೆ ಬೇಕಾದ್ದು ಯಂತ್ರಗಳು ಸುಳಿಯದ ಕಡೆ ನೆರಳು ಮತ್ತು ನೋಡಿಕೊಳ್ಳಲು ಒಬ್ಬಾಕೆ.

ಈ ಸಲ ಹೀಗೆ ಮಾಡೋಣವೇ? ಒಬ್ಬೊಬ್ಬರೇ ಹತ್ತು ಹನ್ನೆರಡು ತರುವ ಬದಲು ನಾಲ್ಕೂ ತಾಲ್ಲೂಕಿನವರು ಒಟ್ಟಾಗಿ ಒಂದೇ ಆರ್ಡರ್ ಕೊಡೋಣ. ಸಂಖ್ಯೆ ದೊಡ್ಡದಾದರೆ ವ್ಯಾಪಾರಿ ಪರೀಕ್ಷಾ ವರದಿಯನ್ನೂ ಕೊಡುತ್ತಾನೆ, ಚಿಕ್ಕ ಅಳತೆಯದನ್ನೂ ಹೊಲಿಸುತ್ತಾನೆ, ದರವನ್ನೂ ಇಳಿಸುತ್ತಾನೆ. ಬರುವ ಶನಿವಾರ ಬಟವಾಡೆಗೆ ಎಲ್ಲರೂ ಸೇರುತ್ತಾರಲ್ಲ, ಆಗಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಗಂಡಸರೆಷ್ಟು, ಹೆಂಗಸರೆಷ್ಟು, ಎದೆಯ ಅಳತೆ, ಡಾಂಬರಿನವರೆಷ್ಟು, ಮಿಕ್ಸರ್ ಹತ್ತಿರ ನಿಲ್ಲುವವರೆಷ್ಟು, ಕಿತ್ತಳೆಯೋ ಹಳದಿ-ಹಸಿರೋ. ತಲೆಗೆ ಎರಡರಂತೆ ಬರೆಯಿರಿ, ಒಂದು ಒಗೆತಕ್ಕೆ ಹೋದಾಗ ಇನ್ನೊಂದಿರಲಿ. ತಾಲ್ಲೂಕಿಗೆ ಒಬ್ಬರು ಹಾಳೆಗಳನ್ನು ಒಟ್ಟು ಮಾಡಿ ಇಟ್ಟುಕೊಂಡರೆ, ಕೂಡಿಸಿ ದರ ವಿಚಾರಿಸುವ ಓಡಾಟ ನನಗಿರಲಿ.

ಇಂತಿ,
ನಿಮ್ಮ ಸೈಟುಗಳಲ್ಲಿ ಓಡಾಡುವ ಒಬ್ಬ ಎಂಜಿನಿಯರ್